ಜರ್ಮನಿಗೆ ನಡೆದು ತೋರಿಸಲು ಹೋದದ್ದು

ಬಲ್ಮಠ

ಜರ್ಮನಿಯಲ್ಲಿ ಏನೆಲ್ಲ ನೋಡಿದಿರಿ ಎಂದು ಶಾಲೆಯ ಸಹೋದ್ಯೋಗಿಗಳು ಕೇಳುತ್ತಾರೆ. ಒಂದು ಆಸ್ಪತ್ರೆಯ ಉದ್ದನೆಯ ಕಾರಿಡಾರನ್ನು ಚೆನ್ನಾಗಿ ನೋಡಿದ್ದೇನೆ. ತಿಳಿಹಸಿರು ನೆಲ, ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಮರದ ಕಂಬಿ. ಉಳಿದದ್ದನ್ನು ನೋಡಿದ್ದು ಕಡಿಮೆ. ಆದರೂ ಅದು ನನ್ನ ಜೀವಮಾನದ ಒಂದೇ ವಿದೇಶ ಪ್ರವಾಸ. ಇನ್ನೊಂದು ಆಗಲಾರದು ಎಂದು ಈಗ ಗೊತ್ತಿರುವುದರಿಂದ ಬರೆದಿಡುತ್ತಿದ್ದೇನೆ.

ನಾನು ಪ್ರಮೀಳಾ, ಮಂಗಳೂರಿನ ಬಲ್ಮಠದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ಮೂರು ವರ್ಷಗಳ ಹಿಂದೆ ನನ್ನ ಎಡಗಾಲು ತರಗತಿಯ ಹೊಸ್ತಿಲನ್ನು ಎಡವತೊಡಗಿತು. ಚಪ್ಪಲಿ ಬದಲಿಸಿದೆ, ಕನ್ನಡಕ ಬದಲಿಸಿದೆ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಕಾಯಿಲೆಗೆ ಹೆಸರು ಸಿಕ್ಕಿತು: ಮಲ್ಟಿಪಲ್ ಸ್ಕ್ಲೆರೋಸಿಸ್. ಮೆದುಳಿನಲ್ಲೂ ಬೆನ್ನುಹುರಿಯಲ್ಲೂ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದುಹೋಗುತ್ತದೆ. ಮೆದುಳು ಹೇಳಿದ್ದು ಕಾಲಿಗೆ ಅರ್ಧಂಬರ್ಧ ತಲುಪುತ್ತದೆ. ಔಷಧಿ ತೆಗೆದುಕೊಂಡೆ. ಆದರೂ ವರ್ಷದಿಂದ ವರ್ಷಕ್ಕೆ ನಡಿಗೆ ಗಿಡ್ಡವಾಗುತ್ತ ಬಂತು.

ನನ್ನ ಗಂಡ ಜಗದೀಶ ಕುವೈತಿನಿಂದ ಮರಳಿ ಬಂದವರು, ಶಕ್ತಿನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಮುಂದೆಲ್ಲ 'ಇವರು' ಎಂದು ಬರೆದರೆ ಅವರೇ. ಇವರ ತಂಗಿ ಶಶಿಕಲಾ ಉತ್ತರ ಜರ್ಮನಿಯ ಒಂದು ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿ ಈ ಕಾಯಿಲೆಯ ಕೆಲವು ರೋಗಿಗಳಿಗೆ ಹೊಸ ಔಷಧಿಯೊಂದನ್ನು ಪರೀಕ್ಷಾರ್ಥವಾಗಿ ಕೊಡುತ್ತಿದ್ದಾರೆಂದು ಫೋನ್ ಮಾಡಿದವಳು ಅವಳೇ. ನಾವು ಮನೆಯಲ್ಲಿ ಆಡುವುದು ತುಳು. ಓದುವವರಿಗಾಗಿ ಮಾತುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅತ್ತಿಗೆ, ಡಾಕ್ಟರ್ ಒಮ್ಮೆ ನೋಡ್ತಾರಂತೆ. ಆದ್ರೆ ಬರುವ ಮೊದಲು ಫೋನಲ್ಲಿ ಒಂದು ಆ್ಯಪ್ ಹಾಕಿಕೊಳ್ಳಬೇಕು. ಅದು ಹೇಳಿದ ಹಾಗೆ ದಿನಾ ಮಾಡಿದ್ರೆ ಸಾಕು. ನಿಮಗೆ ಎಷ್ಟು ತೊಂದರೆ ಉಂಟು ಅಂತ ಅದೇ ಅಂದಾಜು ಮಾಡ್ತದೆ."

ನೂರಾರು ರೋಗಿಗಳು ನಡೆದದ್ದನ್ನೂ ವೈದ್ಯರು ಅವರಿಗೆ ಕೊಟ್ಟ ಅಂಕವನ್ನೂ ಒಟ್ಟಿಗೆ ಉಣಿಸಿ ಆ ಯಂತ್ರಕ್ಕೆ ಕಲಿಸಿದ್ದಾರಂತೆ. ಈಗ ಅದು ಹೊಸಬರ ನಡಿಗೆ ನೋಡಿ ತಾನೇ ಅಂಕ ಕೊಡುತ್ತದೆ. ನಾನು ಅಂಕ ಕೊಟ್ಟೇ ಬದುಕಿದವಳು. ಇಲ್ಲಿ ಮಾತ್ರ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು.

ಫೋನನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿ ಸಮತಟ್ಟಾದ ಜಾಗದಲ್ಲಿ ನೇರವಾಗಿ ನಡೆಯಬೇಕು. ಶಕ್ತಿನಗರದಲ್ಲಿ ಸಮತಟ್ಟು ಎಲ್ಲಿಂದ ತರುವುದು? ನಮ್ಮ ಗೇಟು ದಾಟಿದರೆ ಒಂದೋ ಹತ್ತಬೇಕು, ಇಲ್ಲ ಇಳಿಯಬೇಕು. ಹಾಗಾಗಿ ಇವರು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನನ್ನನ್ನು ಸ್ಕೂಟರಿನಲ್ಲಿ ಬಲ್ಮಠದ ಒಂದು ಮೈದಾನಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲೂ ಗುಂಡಿಗಳು, ಮಲಗಿದ ನಾಯಿಗಳು, ಹುಡುಗರ ಕ್ರಿಕೆಟ್ ಬಾಲು. ನಾನು ಸುತ್ತಿ ಬಳಸಿ ನಡೆಯುತ್ತಿದ್ದೆ. ಫೋನಿನೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಭೇಷ್ ಎನ್ನುತ್ತಿದ್ದಳು.

ವಾಕಿಂಗ್ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ಒಂದು ದಿನ ನಿಲ್ಲಿಸಿ ಕೇಳಿದರು: "ಟೀಚರ್, ಅದೆಂತ, ಹೆಜ್ಜೆ ಲೆಕ್ಕ ಮಾಡುವುದಾ? ನನ್ನ ಸೊಸೆಯೂ ಹಾಕಿಕೊಳ್ತಾಳೆ. ತೂಕ ಇಳೀಲಿಕ್ಕೆ ಒಳ್ಳೆದುಂಟಂತೆ."

"ಹೌದು, ಅದಕ್ಕೇ" ಎಂದೆ.

ಮನೆಗೆ ಬಂದು ಫ್ಯಾನಿನ ಕೆಳಗೆ ಕೂತು ಉಳಿದ ಪರೀಕ್ಷೆ. ಪರದೆಯ ಮೇಲಿನ ಸುರುಳಿಯ ಗೆರೆಯನ್ನು ಬೆರಳಿನಿಂದ ತಿದ್ದುವುದು, ಓಡಾಡುವ ಗುಳ್ಳೆಗಳನ್ನು ಎರಡು ಬೆರಳಲ್ಲಿ ಚಿವುಟುವುದು. ಬಲಗೈ ಆದ ಮೇಲೆ ಎಡಗೈ. ಇದನ್ನು ಮಕ್ಕಳಾಟವೆಂದುಕೊಂಡು ಬೇಗ ಮುಗಿಸಿ ಅಡುಗೆಮನೆಗೆ ಹೋಗುತ್ತಿದ್ದೆ. ನನ್ನ ಚಿಂತೆಯೆಲ್ಲ ಕಾಲಿನದು.

ನಂತೂರು

ಪ್ರವಾಸದ ಮೊದಲ ಅವಘಡ ಮನೆಯಿಂದ ಹೆಚ್ಚು ದೂರ ಹೋಗುವ ಮೊದಲೇ ಆಯಿತು. ನಂತೂರಿನ ವೃತ್ತದಲ್ಲಿ ಟ್ಯಾಂಕರ್ ಒಂದು ತಿರುವಿನಲ್ಲಿ ಕೆಟ್ಟು ನಿಂತಿತ್ತು. ನಾಲ್ಕೂ ಕಡೆಯಿಂದ ಬಂದ ಬಸ್ಸುಗಳು ಅದರ ಸುತ್ತ ಮೂಗು ತೂರಿಸಿ ನಿಂತಿದ್ದವು. ಈ ಕಾಯಿಲೆ ಕಾಲನ್ನು ಮಾತ್ರ ಹಿಡಿಯುವುದಿಲ್ಲ. ಮೂತ್ರ ಬಂತೆಂದರೆ ಬಂತು, ತಡೆಯಲು ಆಗುವುದಿಲ್ಲ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಕೂತೆ. ಆಗಲಿಲ್ಲ. ಹೊಸ ಚೂಡಿದಾರ ಒದ್ದೆಯಾಯಿತು.

ಇವರು ನನ್ನ ಮುಖ ನೋಡಿದರು. ಏನೂ ಕೇಳದೆ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಮಡಿಲಿಗೂ ಸೀಟಿಗೂ ತಮ್ಮ ಪ್ಯಾಂಟಿಗೂ ಸುರಿದುಕೊಂಡರು.

"ಅಯ್ಯೋ ಮಾರಾಯ, ಬಾಟ್ಲಿ ಚೆಲ್ಲಿತು. ನಿನ್ನ ಸೀಟೆಲ್ಲ ಚಂಡಿ ಆಯ್ತು" ಎಂದರು ಡ್ರೈವರನಿಗೆ.

"ಪರ್ವಾಗಿಲ್ಲ ಸರ್. ಬಿಸಿಲು ಉಂಟಲ್ಲ, ಒಣಗ್ತದೆ" ಎಂದ ಅವನು, ಟ್ಯಾಂಕರಿನವನನ್ನು ಬೈಯುವುದನ್ನು ನಿಲ್ಲಿಸದೆ.

ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಬಟ್ಟೆ ಬದಲಿಸುವಾಗ ಅತ್ತೆ. ಇವರು ಅದೇ ಪ್ಯಾಂಟಿನಲ್ಲಿ ಜರ್ಮನಿಯವರೆಗೂ ಬಂದರು.

ದುಬೈ

ದುಬೈಯಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ಮೊದಲ ಸಲ ಗಾಲಿಕುರ್ಚಿಯಲ್ಲಿ ಕೂತೆ. ಕೂತ ಕೂಡಲೇ ನಾನು ಪ್ರಯಾಣಿಕಳಲ್ಲ, ಇವರ ಸಾಮಾನು ಎಂಬಂತಾಯಿತು. "ಮೇಡಂ ಕುಡಿಯಲು ಏನು ತೆಗೆದುಕೊಳ್ಳುತ್ತಾರೆ?" ಎಂದು ಎಲ್ಲರೂ ಇವರನ್ನೇ ಕೇಳಿದರು. ಪಾಸ್‌ಪೋರ್ಟಿನ ಫೋಟೋ ನನ್ನದೇ ಹೌದೇ ಎಂದು ಕೂಡ ಇವರನ್ನೇ ಕೇಳಿದರು.

ಇವರು ಚಹಾ ತರಲು ಹೋದಾಗ ಕುರ್ಚಿ ತಳ್ಳುವವನೊಬ್ಬ ಬಂದು, ನನ್ನನ್ನು ಇನ್ನಾವುದೋ ವಿಮಾನದ ಅಜ್ಜಿಯೆಂದುಕೊಂಡು ತಳ್ಳಿಕೊಂಡು ಹೊರಟೇಬಿಟ್ಟ. ನಾನು ಅಲ್ಲ, ಅಲ್ಲ ಎಂದೆ. ಅವನ ಕಿವಿಯಲ್ಲಿ ಇಯರ್‌ಫೋನ್, ಊರಿನ ಯಾರ ಜೊತೆಗೋ ನಗುತ್ತ ಮಾತಾಡುತ್ತಿದ್ದ. ಗಾಲಿಕುರ್ಚಿಯಲ್ಲಿ ಕೂತವರ ಮಾತು ತಳ್ಳುವವರ ಎತ್ತರಕ್ಕೆ ತಲುಪುವುದಿಲ್ಲ. ಬೇರೆ ಗೇಟಿನ ಮುಂದೆ ನಿಲ್ಲಿಸಿ ಹೋದ.

ಇವರು ಬೆವರಿಳಿಸಿಕೊಂಡು ಓಡಿಬಂದರು. ಕೈಯಲ್ಲಿ ಎರಡು ಚಹಾ ಲೋಟ, ಎರಡೂ ಖಾಲಿ.

"ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ? ಬಾಯಿ ಸರಿ ಉಂಟಲ್ಲ!"

ಇವರು ನನ್ನ ಮೇಲೆ ಹೀಗೆ ರೇಗಿದ್ದು ಅಪರೂಪ. ಸ್ವಲ್ಪ ಹೊತ್ತಿನ ಮೇಲೆ ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತ, "ನೀನು ಎಲ್ಲಿ ಅಂತ ಗೊತ್ತಾಗ್ಲಿಲ್ಲ. ಅಷ್ಟೆ" ಎಂದರು.

ಶಶಿಯ ಪಟ್ಟಣ

ಚಳಿ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮಂಗಳೂರಿನವರು ಡಿಸೆಂಬರಿನಲ್ಲಿ ಫ್ಯಾನನ್ನು ಒಂದು ಪಾಯಿಂಟ್ ಕಡಿಮೆ ಮಾಡಿ ಚಳಿ ಎನ್ನುವವರು. ಶಶಿ ತನ್ನ ದಪ್ಪ ಕೋಟು ನನಗೆ ತೊಡಿಸಿ ಬಾಗಿಲು ತೆರೆದಳು. ಮುಖಕ್ಕೆ ಗಾಳಿ ಬಡಿದಾಗ ಕಣ್ಣಲ್ಲಿ ನೀರು ಬಂತು. ಮೆಟ್ಟಿಲಿಳಿದೆ. ಹತ್ತಿರದ ಬೇಕರಿಗೆ ಹೋಗಿ ಬರೋಣವೆಂದಳು. ಹೋಗಿ ಬಂದೆವು. ಮನೆಯ ಬಾಗಿಲಿಗೆ ಬಂದ ಮೇಲಷ್ಟೇ ಹೊಳೆಯಿತು: ನಾನು ಎಲ್ಲೂ ನಿಂತಿರಲಿಲ್ಲ. ಯಾರ ಕೈಯನ್ನೂ ಹಿಡಿದಿರಲಿಲ್ಲ.

ಇವರು ನನ್ನನ್ನು ದಿಟ್ಟಿಸಿ ನೋಡಿದರು. "ಇನ್ನೊಮ್ಮೆ ಹೋಗ್ತಿಯಾ?"

ಇನ್ನೊಮ್ಮೆ ಹೋದೆ. ಇವರು ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ ಫೋನಿನಲ್ಲಿ ವೀಡಿಯೊ ತೆಗೆದು, ಕಸದ ಡಬ್ಬಿಗೆ ಡಿಕ್ಕಿ ಹೊಡೆದು ಬಿದ್ದರು. ಬಿದ್ದಲ್ಲಿಯೇ ನಕ್ಕರು. ವೀಡಿಯೊ ಮನೆಯವರ ಗ್ರೂಪಿಗೆ ಹೋಯಿತು. ಶಕ್ತಿನಗರದಿಂದ ನನ್ನ ಅಮ್ಮನ ದನಿ ಬಂತು: "ಮಗಾ, ನೋಡಿದೆ. ನಾಲ್ಕು ಸಲ ನೋಡಿದೆ. ದೇವರು ಕಣ್ಣು ಬಿಟ್ಟ."

ಬೆಳಿಗ್ಗೆ ಬೆಳಿಗ್ಗೆ ಆ್ಯಪಿಗೂ ನಡೆದು ತೋರಿಸಿದೆ. ಅಲ್ಲಿನ ಕಾಲುದಾರಿ ಮೇಜಿನಷ್ಟು ಸಮ. ಪರದೆಯ ಗೆರೆ ದಿನೇದಿನೇ ಸುಧಾರಿಸಿತು.

ಭಾನುವಾರ ಸಂತೋಷಕ್ಕೆ ಕೋರಿ ರೊಟ್ಟಿ ಮಾಡೋಣವೆಂದು, ಮಂಗಳೂರಿನಿಂದ ಕಟ್ಟಿ ತಂದಿದ್ದ ಮಸಾಲೆಗೆ ತೆಂಗಿನತುರಿ ಹಾಕಿ ಮಿಕ್ಸಿ ತಿರುಗಿಸಿದೆ. ಕೆಳಗಿನ ಮನೆಯ ಮುದುಕ ಬಂದು ಗಂಟೆ ಒತ್ತಿದರು. ಭಾನುವಾರ ಸದ್ದು ಮಾಡುವಂತಿಲ್ಲವಂತೆ. ಶಶಿ ತಲೆ ತಗ್ಗಿಸಿ ಕ್ಷಮೆ ಕೇಳಿದಳು. ಇವರಿಗೆ ತಡೆಯಲಾಗಲಿಲ್ಲ. "ಅವರಿಗೆ ಹೇಳು ಶಶಿ, ಇವಳು ಎಷ್ಟೋ ಸಮಯದ ನಂತರ ನಿಂತುಕೊಂಡು ಅಡುಗೆ ಮಾಡುವುದು ಅಂತ." ಶಶಿ ಹೇಳಿದಳೋ ಇಲ್ಲವೋ, ಮುದುಕರು ನನ್ನ ಕಡೆ ಒಮ್ಮೆ ತಲೆಬಾಗಿಸಿ ಹೋದರು. ಉಳಿದ ಮಸಾಲೆಯನ್ನು ತರಿತರಿಯಾಗಿಯೇ ಬೇಯಿಸಿದೆವು. ಅಷ್ಟು ರುಚಿಯಾದ ಊಟ ನಾನು ಆ ಮೇಲೆ ಮಾಡಿಲ್ಲ.

ಕಾಯುವ ಕೋಣೆ

ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತವರು ಹೆಲ್ಗಾ, ಹಿಂದೆ ಅಂಚೆ ಹಂಚುತ್ತಿದ್ದವರು. ಅವರಿಗೂ ಇದೇ ಕಾಯಿಲೆ, ಇದೇ ಆ್ಯಪ್. ಅಲ್ಲಿಯವರು ಅಪರಿಚಿತರೊಡನೆ ಮಾತಾಡುವುದಿಲ್ಲವೆಂದು ಕೇಳಿದ್ದೆ. ಹೆಲ್ಗಾ ನನ್ನ ಸೊಂಟದ ಬೆಲ್ಟು ನೋಡಿ ತಮ್ಮದನ್ನೂ ಎತ್ತಿ ತೋರಿಸಿದರು. ಆಮೇಲೆ ಶಶಿಯನ್ನು ನಡುವೆ ಕೂರಿಸಿಕೊಂಡು ಹೇಳಿದರು.

ಕಳೆದ ಬೇಸಿಗೆಯಲ್ಲಿ ಅವರು ತಮ್ಮ ಬೆಲ್ಟನ್ನು ಗಂಡನಿಗೆ ಕಟ್ಟಿ ಪಾರ್ಕಿಗೆ ಕಳಿಸುತ್ತಿದ್ದರಂತೆ. ಗಂಡ ಗಟ್ಟಿಮುಟ್ಟಾದ ಮನುಷ್ಯ, ಸರಸರ ನಡೆದು ಬರುತ್ತಿದ್ದರಂತೆ. ಕೊನೆಗೆ ಆಸ್ಪತ್ರೆಯಿಂದ ಫೋನ್ ಬಂತು: ಇದು ನಿಮ್ಮ ನಡಿಗೆಯಲ್ಲ ಎನ್ನುತ್ತಿದೆ ಯಂತ್ರ.

"ಯಾಕೆ ಹಾಗೆ ಮಾಡಿದ್ರಂತೆ?" ಎಂದು ಶಶಿಯನ್ನು ಕೇಳಿದೆ.

ಹೆಲ್ಗಾ ನಕ್ಕರು. ಅವರ ಉತ್ತರವನ್ನು ಶಶಿ ನಿಧಾನವಾಗಿ ಹೇಳಿದಳು: "ಒಂದು ವಾರ ನಾನು ಗುಣವಾಗಿದ್ದೆ, ಅಂತಾರೆ."

ನಾನೂ ನಕ್ಕೆ. ನನಗೆ ಅದರ ಅಗತ್ಯವಿಲ್ಲ, ನಾನು ನಿಜವಾಗಿ ಸುಧಾರಿಸಿದ್ದೇನೆ ಎಂಬ ಹೆಮ್ಮೆ ಒಳಗಿತ್ತು.

ಹಸಿರು ಕಾರಿಡಾರ್

ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ಮೊಣಕಾಲಿಗೆ ಸುತ್ತಿಗೆ ತಟ್ಟಿದರು, ಪಾದಕ್ಕೆ ಗೀರಿದರು, ಕಣ್ಣಿನ ಮುಂದೆ ಬೆರಳಾಡಿಸಿದರು. ಕಾರಿಡಾರಿನಲ್ಲಿ ನಡೆಯಲು ಹೇಳಿ ತಾವೂ ಜೊತೆಗೆ ನಡೆದರು. ಕಂಬಿ ಮುಟ್ಟದೆ ಕೊನೆಯವರೆಗೆ ಹೋಗಿ ತಿರುಗಿ ಬಂದೆ. ಇವರು ಬಾಗಿಲಲ್ಲಿ ನಿಂತು, ನಾನು ಓಟದಲ್ಲಿ ಗೆದ್ದವಳಂತೆ ಮುಷ್ಟಿ ಬಿಗಿದರು.

ಒಳಗೆ ಬಂದು ಡಾಕ್ಟರ್ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಆರಿಸಿ ಹೇಳಿದರು. "ಇದು ನಿಮ್ಮ ಊರಿನ ನಡಿಗೆ. ತುಂಬ ಕೆಟ್ಟದಾಗಿ ಕಾಣುತ್ತಿದೆ. ಆದರೆ ಇದನ್ನು ನಾನು ಪೂರ್ತಿ ನಂಬುವುದಿಲ್ಲ. ಈ ಯಂತ್ರ ಕಲಿತದ್ದು ಇಲ್ಲಿನ ಬೀದಿಗಳಲ್ಲಿ ನಡೆದವರಿಂದ. ನೀವು ಗುಂಡಿ ದಾಟಿದ್ದನ್ನು ಅದು ತೂರಾಡಿದ್ದು ಎಂದುಕೊಂಡಿರಬಹುದು."

"ಹಾಗಾದ್ರೆ ತಪ್ಪು ಅದು! ನಾನು ಆವಾಗಿಂದ ಹೇಳ್ತಿದ್ದೇನೆ" ಎಂದರು ಇವರು. "ಇಲ್ಲಿ ನೋಡಿ ಡಾಕ್ಟ್ರೆ, ಇಲ್ಲಿ ಎಷ್ಟು ಲಾಯ್ಕ ನಡೀತಾಳೆ!"

ಶಶಿ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದಳು. ಡಾಕ್ಟರ್ ತಲೆಯಾಡಿಸಿದರು. "ಚಳಿ" ಎಂದರು. "ಸವೆದ ನರದಲ್ಲಿ ಸೆಕೆಗೆ ಸಂದೇಶ ನಿಂತುಹೋಗುತ್ತದೆ. ತಂಪಿಗೆ ಸ್ವಲ್ಪ ದಾಟುತ್ತದೆ. ನರ ಮಾತ್ರ ಹಾಗೆಯೇ ಇದೆ. ಇದು ಸುಧಾರಣೆಯಲ್ಲ."

ನಮ್ಮ ಊರಿನಲ್ಲಿ ಸೆಕೆ ಎಂದರೆ ಬೆವರು, ಉಪ್ಪಿನಕಾಯಿಯ ಕಾಲ, ಸಂಜೆಯ ಸ್ನಾನ. ಅದು ನನ್ನ ಕಾಲನ್ನು ಹಿಡಿದಿಡುತ್ತದೆಂದು ಕೇಳಿದ್ದೆನಾದರೂ ಇಷ್ಟು ಎಂದು ಗೊತ್ತಿರಲಿಲ್ಲ.

ಆಮೇಲೆ ಡಾಕ್ಟರ್ ಇನ್ನೊಂದು ಗೆರೆ ತೋರಿಸಿದರು. "ಇದು ಎಡಗೈ. ಇದನ್ನು ನೀವು ಕೂತು ಮಾಡಿದ್ದೀರಿ. ಇಲ್ಲಿ ಗುಂಡಿಯಿಲ್ಲ, ಏರಿಲ್ಲ. ಅಲ್ಲಿಯೂ ಹದಗೆಟ್ಟಿದೆ, ಇಲ್ಲಿ ಚಳಿಯಲ್ಲಿಯೂ ಹದಗೆಟ್ಟಿದೆ. ನೀವು ಗಮನಿಸಿದ್ದೀರಾ?"

ನಾನು ನನ್ನ ಎಡಗೈ ನೋಡಿದೆ. ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಹೋದೆ. ಅದು ಯೋಚಿಸಿ ಯೋಚಿಸಿ ಹೋಯಿತು. ತಿಂಗಳುಗಟ್ಟಲೆಯಿಂದ ಸೀರೆಯ ನೆರಿಗೆಯನ್ನು ಬಲಗೈಯಲ್ಲೇ ಹಿಡಿಯುತ್ತಿದ್ದೆ, ತರಕಾರಿ ಹೆಚ್ಚುವಾಗ ಎಡಗೈಯಿಂದ ಸುಮ್ಮನೆ ಒತ್ತಿಡುತ್ತಿದ್ದೆ. ಯಾಕೆಂದು ಕೇಳಿಕೊಂಡಿರಲಿಲ್ಲ. ಕಾಲಿಗೆ ಕಾವಲು ಕೂತಿದ್ದಾಗ ಕೈ ಹೋಗಿತ್ತು.

ಡಾಕ್ಟರ್ ಶಶಿಯ ಕಡೆ ತಿರುಗಿ ಜರ್ಮನ್ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಶಶಿ ಹ್ಞೂಂಗುಟ್ಟಿದಳು. ಅನುವಾದಿಸಲಿಲ್ಲ.

"ಎಂತ ಹೇಳಿದ್ರು ಶಶಿ?"

"ಎಂತ ಇಲ್ಲ ಅತ್ತಿಗೆ. ಮತ್ತೆ ಹೇಳ್ತೇನೆ."

"ಟೀಚರಿಗೆ ಹಾಗೆ ಹೇಳಿದ್ರೆ ನಡೀತದಾ? ಹೇಳು."

ಅವಳು ನನ್ನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು. "ಆ ಹೊಸ ಮದ್ದು ಕೊಡುವುದು ಒಳಗೆ ಇನ್ನೂ ಉರಿಯುತ್ತಾ ಇರುವವರಿಗೆ. ನಿಮಗೆ ಬೆಂಕಿ ಆರಿದೆ ಅತ್ತಿಗೆ. ಇನ್ನು ಇರುವುದು ಸುಟ್ಟದ್ದು ಮಾತ್ರ. ಅದು ಸವೆಯುತ್ತಾ ಹೋಗ್ತದೆ. ನಿಮ್ಮನ್ನು ತೆಗೊಳ್ಳಿಕ್ಕೆ ಆಗುವುದಿಲ್ಲ ಅಂತ."

"ಇಲ್ಲಿಯೇ ಇದ್ರೆ?" ಇವರು ಕುರ್ಚಿಯ ತುದಿಗೆ ಬಂದಿದ್ದರು. "ಈ ಚಳಿಯಲ್ಲಿಯೇ ಇದ್ರೆ? ನಾನು ಇಲ್ಲಿ ಎಂತ ಕೆಲಸವಾದ್ರೂ ಮಾಡ್ತೇನೆ. ಗಲ್ಫಲ್ಲಿ ಮಾಡಿದ್ದೇನಲ್ಲ. ಕೇಳು ಶಶಿ ಅವರ ಹತ್ರ, ಕೇಳು."

ಶಶಿ ಕೇಳಿದಳು. ಡಾಕ್ಟರ್ ಇವರನ್ನೇ ನೋಡಿ ಇಂಗ್ಲಿಷಿನಲ್ಲಿ ಉತ್ತರಿಸಿದರು: "ಚಳಿ ಮರೆಮಾಡುತ್ತದೆ. ನಿಲ್ಲಿಸುವುದಿಲ್ಲ."

ಏಳುವ ಮೊದಲು ಅವರು ಒಂದು ಮಾತು ಕೇಳಿದರು. ಊರಿಗೆ ಹೋದ ಮೇಲೂ ಆ್ಯಪಿಗೆ ನಡೆದು ತೋರಿಸುತ್ತೀರಾ? ನಿಮ್ಮಂಥ ಸೆಕೆಯ ಊರಿನವರ, ಗುಂಡಿಯ ದಾರಿಯವರ ನಡಿಗೆ ನಮ್ಮ ಯಂತ್ರಕ್ಕೆ ಗೊತ್ತೇ ಇಲ್ಲ. ಮುಂದೆ ಬರುವವರಿಗೆ ಉಪಯೋಗವಾದೀತು.

ಇವರಿಗೆ ಸಿಟ್ಟು ಬಂತು. "ನಮಗೆ ಕೊಡ್ಲಿಕ್ಕೆ ಎಂತ ಇಲ್ಲ. ನಮ್ಮಿಂದ ತೆಗೊಳ್ಳಿಕ್ಕೆ ಉಂಟಾ? ಬೇಡ ಅಂತ ಹೇಳು."

ನಾನು ಆಗಲಿ ಎಂದೆ. ಉದಾರಿಯಾಗಿ ಹೇಳಿದ್ದಲ್ಲ. ಬೇಡ ಎನ್ನಲೂ ಶಕ್ತಿ ಇರಲಿಲ್ಲ.

ಸಿಗ್ನಲ್

ಮರಳಿ ಬರುವ ಟಿಕೆಟ್ಟಿಗೆ ಇನ್ನೂ ದಿನಗಳಿದ್ದವು. ಶಶಿ ನಮ್ಮನ್ನು ಊರು ತೋರಿಸಲು ಕರೆದೊಯ್ದಳು. ನದಿಯ ಮೇಲೆ ತೆಳುವಾದ ಮಂಜುಗಡ್ಡೆಯ ಪದರ, ಅದರ ಮೇಲೆ ಬಾತುಕೋಳಿಗಳು. ನಾನು ಚೆನ್ನಾಗಿಯೇ ನಡೆಯುತ್ತಿದ್ದೆ. ಅದೇ ಕಷ್ಟವಾಗಿತ್ತು. ಹೆಜ್ಜೆ ಹಾಕಿದಾಗಲೆಲ್ಲ ಇದು ನನ್ನದಲ್ಲ, ಈ ಗಾಳಿಯದು ಎನಿಸುತ್ತಿತ್ತು.

ಒಂದು ರಸ್ತೆ ದಾಟುವಲ್ಲಿ ಕೆಂಪು ದೀಪ. ಎರಡೂ ಕಡೆ ಒಂದೂ ವಾಹನವಿಲ್ಲ. ಆದರೂ ಹತ್ತಾರು ಜನ ಶಾಂತವಾಗಿ ನಿಂತಿದ್ದರು. ನಾವೂ ನಿಂತೆವು. ಪಕ್ಕದಲ್ಲಿ ಏನೋ ಸದ್ದಾಯಿತೆಂದು ತಿರುಗಿದರೆ ಇವರು ಅಳುತ್ತಿದ್ದರು. ಬಾಯಿ ತೆರೆದು, ಕೈ ಜೇಬಿನಲ್ಲಿಯೇ ಇಟ್ಟುಕೊಂಡು, ಚಿಕ್ಕ ಮಕ್ಕಳ ಹಾಗೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ. ಇವರ ಅಪ್ಪ ತೀರಿಕೊಂಡಾಗ ಕುವೈತಿನಲ್ಲಿದ್ದರು. ಆಗ ಅತ್ತಿದ್ದರೋ ಗೊತ್ತಿಲ್ಲ.

ಯಾರೂ ನೋಡಲಿಲ್ಲ. ಎಲ್ಲರೂ ಎದುರಿನ ದೀಪವನ್ನೇ ನೋಡುತ್ತಿದ್ದರು. ಹಸಿರಾಯಿತು, ಅವರೆಲ್ಲ ದಾಟಿದರು. ನಾವು ಮೂವರು ಉಳಿದೆವು. ಮತ್ತೆ ಕೆಂಪಾಯಿತು, ಮತ್ತೆ ಜನ ಬಂದು ನಿಂತರು. ನಮ್ಮೂರಿನಲ್ಲಾದರೆ ಈ ಹೊತ್ತಿಗೆ ಒಬ್ಬ ಕುಡಿಯಲು ನೀರು ತಂದಿರುತ್ತಿದ್ದ, ಇನ್ನೊಬ್ಬ ಎಂತ ಆಯ್ತು ಎಂದು ಹೆಗಲು ಹಿಡಿಯುತ್ತಿದ್ದ, ಮೂರನೆಯವ ತನ್ನ ಬಾವನಿಗೂ ಹೀಗೆಯೇ ಆಗಿತ್ತೆಂದು ಕತೆ ಶುರುಮಾಡುತ್ತಿದ್ದ. ಯಾವುದು ಒಳ್ಳೆಯದೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಅಂದು ಮಾತ್ರ, ಯಾರಾದರೂ ಒಬ್ಬರು ಕೇಳಬಾರದೇ ಎನಿಸಿತ್ತು.

"ಅಣ್ಣ, ಹೋಗುವ" ಎಂದಳು ಶಶಿ. ಇವರು ಮೂಗು ಒರೆಸಿಕೊಂಡು, "ಅತ್ತೆಗೆ ಎಂತ ಹೇಳುವುದು?" ಎಂದು ನನ್ನನ್ನು ಕೇಳಿದರು.

ಶಕ್ತಿನಗರ

ಅಮ್ಮನಿಗೆ ಏನೂ ಹೇಳಬೇಕಾಗಲಿಲ್ಲ. ನಾನು ನಡೆದುಬರುವುದನ್ನು ನೋಡಬೇಕೆಂದು ಅವರು ವಿಮಾನ ನಿಲ್ದಾಣಕ್ಕೇ ಬಂದಿದ್ದರು, ಕೈಯಲ್ಲಿ ದೇವಸ್ಥಾನದ ಪ್ರಸಾದ ಹಿಡಿದು. ವಿಮಾನದ ಬಾಗಿಲು ತೆರೆದಾಗ ಮಾರ್ಚ್ ತಿಂಗಳ ಸೆಕೆ ಒಳಗೆ ನುಗ್ಗಿತು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೊಣಕಾಲು ಮಡಚಿತು. ಗಾಲಿಕುರ್ಚಿಯಲ್ಲೇ ಹೊರಗೆ ಬಂದೆ.

ಅಮ್ಮ ಕುರ್ಚಿ ನೋಡಿದರು, ನನ್ನ ಕಾಲು ನೋಡಿದರು. "ಅಲ್ಲಿ ನಡೀತಿದ್ದಿಯಲ್ಲ ಮಗಾ?"

"ಅಲ್ಲಿ ಚಳಿ, ಅಮ್ಮ."

ಅವರಿಗೆ ಅರ್ಥವಾಗಲಿಲ್ಲ. ಪ್ರಸಾದದ ಹೂವನ್ನು ನನ್ನ ಮುಡಿಗೆ ಸಿಕ್ಕಿಸಿದರು.

ಅದೇ ವಾರ ಇವರು ಮಲಗುವ ಕೋಣೆಗೆ ಏಸಿ ಹಾಕಿಸಿದರು. ಕಿಟಕಿಯ ಸಂದುಗಳಿಗೆ ತಾವೇ ಅಂಟು ತುಂಬಿದರು. ಕಪಾಟನ್ನು ಹಾಲಿಗೆ ಸಾಗಿಸಿ, ಗೋಡೆಯಿಂದ ಗೋಡೆಗೆ ದಾರಿ ಬಿಡಿಸಿದರು. ಈಗ ಸಂಜೆ ಅಂಗಡಿಯಿಂದ ಬಂದವರೇ ಬಾಗಿಲು ಮುಚ್ಚಿ ಏಸಿಯನ್ನು ಆದಷ್ಟು ಕೆಳಕ್ಕೆ ಇಳಿಸುತ್ತಾರೆ. ಕೋಣೆ ತಣಿಯುವವರೆಗೆ ಕಾಯುತ್ತೇವೆ. ಗಲ್ಫಿನ ಬಿಸಿಲು ಕಂಡ ಮನುಷ್ಯ. ತಂಪು ಇವರಿಗೆ ಆಗುವುದಿಲ್ಲ. ಕಂಬಳಿ ಹೊದ್ದು ಮಂಚದ ಮೇಲೆ ಕೂತು ಸೀನುತ್ತಾರೆ.

"ಹ್ಞಾಂ, ಈಗ ನೋಡು" ಎನ್ನುತ್ತಾರೆ.

ನಾನು ಎದ್ದು ನಡೆಯುತ್ತೇನೆ. ಕಾಲು ಸ್ವಲ್ಪ ಮಾತು ಕೇಳುತ್ತದೆ. ಆ ಗೋಡೆ ಮುಟ್ಟಿ ತಿರುಗಿ ಈ ಗೋಡೆಗೆ ಬರುತ್ತೇನೆ. ಎಡಗೈಯ ಬೆರಳುಗಳನ್ನು ಈಗ ಪೂರ್ತಿ ಬಿಡಿಸಲು ಬರುವುದಿಲ್ಲ. ಅದನ್ನು ಸೆರಗಿನೊಳಗೆ ಇಟ್ಟುಕೊಂಡಿರುತ್ತೇನೆ.

"ನಿನ್ನೆಗಿಂತ ಲಾಯ್ಕ ಉಂಟು" ಎನ್ನುತ್ತಾರೆ ಇವರು, ಕಂಬಳಿಯೊಳಗಿಂದ. ಸೆರಗಿನ ಕಡೆ ನೋಡುವುದಿಲ್ಲ.

"ಹೌದು" ಎಂದು ಮತ್ತೆ ತಿರುಗುತ್ತೇನೆ.